ಒಂದೇ ಭಾನುವಾರ, ಮೂರು ಊರಲ್ಲಿ ಚೆಸ್!

ಕಳೆದ ಸಲ ಮಳೆ ಬಿಟ್ಟ ಮೇಲೆ ಎರಡು ದಿನದೊಳಗೆ ನಮ್ಮ ಮೊಬೈಲಿಗೆ ಮೂರು ಪೋಸ್ಟರ್ ಬಂದವು. ಒಂದು ಗೋಕಾಕದ್ದು, ಒಂದು ಮೂಡಲಗಿಯದ್ದು, ಇನ್ನೊಂದು ಹುಕ್ಕೇರಿಯದ್ದು. ಮೂರರಲ್ಲೂ ಕುದುರೆಯ ಚಿತ್ರ, ಮೂರರಲ್ಲೂ "ಮುಕ್ತ ಚೆಸ್ ಪಂದ್ಯಾವಳಿ", ಮೂರರಲ್ಲೂ ಟ್ರೋಫಿ, ನಗದು ಬಹುಮಾನ. ತಾರೀಕು ನೋಡಿದರೆ ಮೂರೂ ಒಂದೇ ಭಾನುವಾರ. ಇದೆಂತ ಕಥೆ ಮಾರಾಯ್ರೆ ಅನ್ನಿಸಿತು.

ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಘಟಪ್ರಭೆಯ ದಡಕ್ಕೆ ಬಂದು ಕೂತವರು ನಾವು. ಅಂಗಡಿ ಪಕ್ಕದ ಮನೆಯಲ್ಲಿ ಒಬ್ಬ ಹುಡುಗನಿದ್ದಾನೆ, ಎಂಟನೇ ಕ್ಲಾಸು. ಭಾನುವಾರ ಬಂತೆಂದರೆ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಅಂಗಡಿ ಕಟ್ಟೆಗೆ ಹಾಜರ್. ಹಿಂದಿನ ಟೂರ್ನಮೆಂಟಿನಲ್ಲಿ ಅವನು ಮೂಡಲಗಿಯ ಒಬ್ಬ ಹುಡುಗನ ಕೈಯಲ್ಲಿ ಸೋತಿದ್ದ. ಆ ಸೋಲನ್ನು ತೀರಿಸಿಕೊಳ್ಳಬೇಕೆಂದು ಎರಡು ತಿಂಗಳಿಂದ ಕಾಯುತ್ತಿದ್ದ. ಪೋಸ್ಟರ್ ತೋರಿಸಿದ್ದೇ ತಡ, ಮುಖ ಸಣ್ಣದಾಯಿತು. "ಅಂವ ತನ್ನೂರಾಗ ಆಡ್ತಾನ್ರಿ ಕಾಕಾ. ಇಲ್ಲಿಗಿ ಬರೂದಿಲ್ಲ. ಮತ್ತ ನಾ ಯಾರ ಜೋಡಿ ಆಡ್ಲಿ?" ಅಂದ.

ಹುಡುಗ ಕೇಳಿದ್ದು ಸಣ್ಣ ಪ್ರಶ್ನೆ. ಆದರೆ ಟೂರ್ನಮೆಂಟ್ ಮಾಡುವವರೆಲ್ಲ ಕೂತು ಯೋಚಿಸಬೇಕಾದ ಪ್ರಶ್ನೆಯೂ ಅದೇ. ಹಾಲ್ ಇದೆ, ಟ್ರೋಫಿ ಇದೆ, ಊಟ ಇದೆ. ಎದುರಿಗೆ ಕೂರುವ ಸಮಬಲದ ಆಟಗಾರನೇ ಇಲ್ಲವಾದರೆ ಮಗು ಕಲಿಯುವುದಾದರೂ ಎಂತ?

ಮೂರು ಊರು, ಒಂದೇ ಬಳಗ

ಈ ಕಡೆಯ ಪರಿಚಯ ಇಲ್ಲದ ಓದುಗರಿಗೆ ನಾಲ್ಕು ಮಾತು. ಗೋಕಾಕ ಎಂದರೆ ಕರದಂಟು, ಗೋಕಾಕ ಎಂದರೆ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಫಾಲ್ಸ್, ಅದರ ಮಗ್ಗುಲಲ್ಲೇ ಬ್ರಿಟಿಷರ ಕಾಲದ ನೂಲಿನ ಗಿರಣಿ. ಮೂಡಲಗಿ ಕೆಲವೇ ವರ್ಷಗಳ ಹಿಂದೆ ಗೋಕಾಕದಿಂದ ಬೇರೆಯಾಗಿ ತಾಲೂಕು ಕೇಂದ್ರವಾದ ಊರು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಹಿಡಕಲ್ ಅಣೆಕಟ್ಟು ಇರುವುದೂ ಅದೇ ತಾಲೂಕಿನಲ್ಲಿ.

ಕಾಗದದ ಮೇಲೆ ಮೂರು ತಾಲೂಕು, ಆದರೆ ಜನರ ಓಡಾಟ ಒಂದೇ. ಗೋಕಾಕದ ಹುಡುಗಿಯನ್ನು ಹುಕ್ಕೇರಿಗೆ ಕೊಟ್ಟಿರುತ್ತಾರೆ, ಮೂಡಲಗಿಯವರ ಅಂಗಡಿ ಗೋಕಾಕದಲ್ಲಿರುತ್ತದೆ. ಶಾಲೆಯ ವಿಷಯದಲ್ಲೂ ಹಾಗೇ. ಬೆಳಗಾವಿ ಕಂದಾಯ ಜಿಲ್ಲೆ ಒಂದಾದರೂ ಶಿಕ್ಷಣ ಇಲಾಖೆ ಅದನ್ನು ಬೆಳಗಾವಿ ಮತ್ತು ಚಿಕ್ಕೋಡಿ ಎಂದು ಎರಡು ಶೈಕ್ಷಣಿಕ ಜಿಲ್ಲೆ ಮಾಡಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲಾಖೆಯ ಕ್ರೀಡಾಕೂಟದಲ್ಲಿ ತಾಲೂಕು ಮಟ್ಟ ದಾಟಿದ ಈ ಮೂರೂ ಕಡೆಯ ಮಕ್ಕಳು ಚೆಸ್ ಬೋರ್ಡಿನ ಮುಂದೆ ಎದುರುಬದುರಾಗುವುದು ಆ ಒಂದೇ ಜಿಲ್ಲಾ ಕೂಟದಲ್ಲಿ. ನಾಳೆ ಅಲ್ಲಿ ಎದುರಾಗುವ ಮಕ್ಕಳು ಇಂದೇ ನಮ್ಮೂರ ಟೂರ್ನಮೆಂಟಿನಲ್ಲಿ ಪರಸ್ಪರ ಆಡಿದ್ದರೆ ಲಾಭ ಮೂರೂ ತಾಲೂಕಿಗೆ. ಒಂದೇ ದಿನ ಮೂರು ಕಡೆ ಇಟ್ಟರೆ ಆ ಲಾಭ ಅಲ್ಲಿಗೇ ಹೋಯಿತು.

20ರ ಲೆಕ್ಕ, 64ರ ಲೆಕ್ಕ

ಈಗ ಹೆಚ್ಚಿನ ಟೂರ್ನಮೆಂಟ್ ನಡೆಯುವುದು ಸ್ವಿಸ್ ಪದ್ಧತಿಯಲ್ಲಿ. 1895ರಲ್ಲಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ್ದರಿಂದ ಆ ಹೆಸರು. ನಾಕೌಟ್ ಹಾಗೆ ಸೋತವರು ಮನೆಗೆ ಹೋಗುವುದಿಲ್ಲ. ಎಲ್ಲರೂ ಎಲ್ಲಾ ರೌಂಡ್ ಆಡುತ್ತಾರೆ. ಪ್ರತಿ ರೌಂಡಿನಲ್ಲಿ ಸಮಾನ ಅಂಕ ಇರುವವರಿಗೆ ಜೋಡಿ ಕಟ್ಟುತ್ತಾರೆ. ಒಮ್ಮೆ ಆಡಿದ ಇಬ್ಬರು ಅದೇ ಟೂರ್ನಮೆಂಟಿನಲ್ಲಿ ಮತ್ತೆ ಎದುರಾಗುವಂತಿಲ್ಲ.

ಈ ಪದ್ಧತಿಯ ಸೊಗಸು ಗೊತ್ತಾಗುವುದು ಮಕ್ಕಳ ಸಂಖ್ಯೆ ಚೆನ್ನಾಗಿದ್ದಾಗ. 64 ಮಂದಿ ಬಂದರು ಅಂತ ಇಟ್ಟುಕೊಳ್ಳಿ. ಡ್ರಾ ಇಲ್ಲದಿದ್ದರೆ ಒಂದನೇ ರೌಂಡ್ ಮುಗಿದಾಗ ಪೂರ್ಣ ಅಂಕದವರು 32, ಆಮೇಲೆ 16, 8, 4, 2. ಆರನೇ ರೌಂಡಿಗೆ ಒಬ್ಬರೇ ಉಳಿಯುತ್ತಾರೆ. ಆರು ರೌಂಡಿನ ಉದ್ದಕ್ಕೂ ಮೇಲಿನ ಟೇಬಲ್ಲಿನಲ್ಲಿ ಬಿಗಿಯಾದ ಆಟ. ಕೆಳಗೆ ಹೊಸದಾಗಿ ಕಲಿತ ಮಗುವಿಗೂ ತನ್ನ ಮಟ್ಟದ ಜೊತೆಗಾರ ಸಿಗುತ್ತಾನೆ, ಒಂದೆರಡು ಪಂದ್ಯ ಗೆದ್ದು ಖುಷಿಯಿಂದ ಮನೆಗೆ ಹೋಗುತ್ತದೆ.

ಅದೇ ಮಕ್ಕಳು ಮೂರು ಊರಿಗೆ ಹಂಚಿಹೋಗಿ ಒಂದೊಂದು ಕಡೆ 20 ಮಂದಿ ಬಂದರೆ? ಮೂರನೇ ರೌಂಡಿನ ಹೊತ್ತಿಗೆ ಬಲವಾದವರು ತಮ್ಮತಮ್ಮೊಳಗೆ ಆಡಿ ಮುಗಿಸಿರುತ್ತಾರೆ. ಮತ್ತೆ ಜೋಡಿ ಕಟ್ಟಲು ಕೆಳಗಿನಿಂದ ಎಳೆದು ತರಬೇಕು. ಒಬ್ಬನಿಗೆ ಸುಲಭದ ಗೆಲುವು, ಇನ್ನೊಬ್ಬನಿಗೆ ಹತ್ತು ನಡೆಯಲ್ಲಿ ಸೋಲು. ಇಬ್ಬರಿಗೂ ಕಲಿತದ್ದು ಏನೂ ಇಲ್ಲ. ಸಂಖ್ಯೆ ಬೆಸವಾದರೆ ಪ್ರತಿ ರೌಂಡಿಗೆ ಒಬ್ಬರು "ಬೈ" ತಗೊಂಡು ಸುಮ್ಮನೆ ಕೂರಬೇಕು.

ರೇಟಿಂಗ್ ವಿಷಯ ಇನ್ನೂ ಗಂಭೀರ. ವಿಶ್ವ ಚೆಸ್ ಸಂಸ್ಥೆ ಫಿಡೆಯ ನಿಯಮದಂತೆ ಹೊಸಬರು ಮೊದಲ ರೇಟಿಂಗ್ ಪಡೆಯಲು, ಈಗಾಗಲೇ ರೇಟಿಂಗ್ ಇರುವವರ ವಿರುದ್ಧ ಕನಿಷ್ಠ 5 ಪಂದ್ಯ ಆಡಿರಬೇಕು. 26 ತಿಂಗಳೊಳಗಿನ ಬೇರೆ ಬೇರೆ ಟೂರ್ನಮೆಂಟಿನ ಪಂದ್ಯಗಳನ್ನು ಕೂಡಿಸಬಹುದು. 2024ರ ಮಾರ್ಚ್‌ನಿಂದ ಕನಿಷ್ಠ ರೇಟಿಂಗ್ 1400ಕ್ಕೆ ಏರಿದೆ. ಹಾಗಾಗಿ ಊರಿನ ಮಗುವಿಗೆ ರೇಟಿಂಗ್ ಬೇಕಾದರೆ ರೇಟಿಂಗ್ ಇರುವ ಆಟಗಾರರು ಊರಿಗೆ ಬರಬೇಕು. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರ, ಸಾಂಗಲಿಯಿಂದ ಬರುವವರು ಒಂದು ಭಾನುವಾರ ಒಂದೇ ಊರಿಗೆ ಬರಲಿಕ್ಕೆ ಸಾಧ್ಯ. ಮೂರು ಕಡೆ ಕರೆದರೆ ಮೂರು ಕಡೆಗೂ ಕೊರತೆ.

ತಪ್ಪು ಯಾರದ್ದು?

ಸಿಟ್ಟಿನಲ್ಲಿ ನಾವೂ ಒಬ್ಬ ಆಯೋಜಕರಿಗೆ ಫೋನ್ ಹಚ್ಚಿದೆವು. ಅವರು ದೈಹಿಕ ಶಿಕ್ಷಣದ ಮೇಷ್ಟ್ರು. "ಏನ್ ಮಾಡೂದ್ರಿ ಸರ್ರ, ಹಾಲ್ ಖಾಲಿ ಇದ್ದದ್ದ ಆ ಒಂದ ದಿನ. ಮದವಿ ಸೀಸನ್ ಸುರು ಆತಂದ್ರ ಯಾವ ಕಾರ್ಯಾಲಯನೂ ಸಿಗೂದಿಲ್ಲ. ಅವರದೂ ಅದ ದಿನ ಐತಿ ಅಂತ ನಮಗ ಯಾರ್ ಹೇಳಬೇಕ್ರಿ?" ಅಂದರು.

ಮಾತು ಸರಿಯೇ. ಸಣ್ಣ ಊರಿನ ಆಯೋಜಕನ ಕಷ್ಟ ನೋಡಿದವರಿಗೇ ಗೊತ್ತು. ಪ್ರಾಯೋಜಕರು ಒಪ್ಪಿದ ಕೂಡಲೇ ತಾರೀಕು ಹೇಳಬೇಕು, ತಡಮಾಡಿದರೆ ಅವರ ಮನಸ್ಸು ಬದಲಾದೀತು. ಹಾಲ್ ಸಿಗಬೇಕು, ಮುಖ್ಯ ಅತಿಥಿಗೆ ಪುರುಸೊತ್ತು ಇರಬೇಕು. ಆರ್ಬಿಟರ್ ಬೇರೆ ಊರಿನಿಂದ ಬರಬೇಕು. ಇಷ್ಟೆಲ್ಲ ಹೊಂದಿಸುವಾಗ ಪಕ್ಕದ ತಾಲೂಕಿನಲ್ಲಿ ಅಂದು ಏನಿದೆ ಎಂದು ಕೇಳುವುದು ಮರೆತುಹೋಗುತ್ತದೆ. ನೆನಪಾಗುವ ಹೊತ್ತಿಗೆ ಪೋಸ್ಟರ್ ಎಲ್ಲ ಗ್ರೂಪಿಗೂ ಹೋಗಿ ಆಗಿರುತ್ತದೆ. ಮತ್ತೆ ತಾರೀಕು ಬದಲಿಸಿದರೆ ಮರ್ಯಾದೆ ಪ್ರಶ್ನೆ.

2024ರ ಡಿಸೆಂಬರ್ 12ರಂದು ಸಿಂಗಾಪುರದಲ್ಲಿ ಡಿ. ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಊರೂರಲ್ಲಿ ಚೆಸ್ ಹುಮ್ಮಸ್ಸು ಹೆಚ್ಚಿರುವುದು ನಮ್ಮ ಕಣ್ಣಿಗೇ ಕಾಣುತ್ತದೆ. ಟೂರ್ನಮೆಂಟ್ ಜಾಸ್ತಿಯಾದದ್ದು ಒಳ್ಳೆಯದೇ. ಆದರೆ ಭಾನುವಾರಗಳು ವರ್ಷಕ್ಕೆ ಅಷ್ಟೇ ಇವೆ, ಅಲ್ವಾ?

ಆ ಭಾನುವಾರಕ್ಕೂ ಬೆಲೆ ಇದೆ. ಕೂಲಿಗೆ ಹೋಗುವ ತಂದೆ ಮಗನನ್ನು ಕರೆದುಕೊಂಡು ಬಂದರೆ ಅಂದಿನ ಸಂಬಳ ಹೋಯಿತು. ಬಸ್ ಚಾರ್ಜು, ಎಂಟ್ರಿ ಫೀ ಬೇರೆ. ಭೋಪಾಲದ ರಫೀಕ್ ಖಾನ್ ಅವರನ್ನು ನೆನಪಿಸಿಕೊಳ್ಳಿ. ಬಡಗಿ ಕೆಲಸ ಮಾಡುತ್ತಿದ್ದ ಅವರು 1980ರ ಮಾಲ್ಟಾ ಒಲಿಂಪಿಯಾಡಿನಲ್ಲಿ ಮೂರನೇ ಬೋರ್ಡಿನಲ್ಲಿ ಆಡಿ ಭಾರತಕ್ಕೆ ಬೆಳ್ಳಿ ಪದಕ ತಂದರು. ಇಂಥವರು ನಮ್ಮ ನಡುವೆಯೂ ಇರಬಹುದು. ಅವರಿಗೆ ತಿಂಗಳಿಗೆ ಸಿಗುವುದು ಒಂದು ಭಾನುವಾರ. ಅದನ್ನು ನಾವು ಸರಿಯಾಗಿ ಕೊಡಬೇಕು.

ಕ್ಯಾಲೆಂಡರ್ ಮುಂದಿಟ್ಟು ಕೂತರೆ

ಹಾಗಾದರೆ ಎಂತ ಮಾಡಬಹುದು? ದೊಡ್ಡ ಸಂಸ್ಥೆ, ದೊಡ್ಡ ಖರ್ಚು ಏನೂ ಬೇಡ. ಶಾಲೆ ಸುರುವಾಗುವ ಜೂನ್‌ನಲ್ಲಿ ಮೂರು ಊರಿನಿಂದ ಒಬ್ಬೊಬ್ಬರು ಒಂದು ಚಹಾದ ಹೊತ್ತು ಕೂತರೆ ಸಾಕು. ಮುಂದೆ ಒಂದು ಗೋಡೆ ಕ್ಯಾಲೆಂಡರ್, ಕೈಯಲ್ಲಿ ಒಂದು ಪೆನ್. ಮೊದಲು ಗುರುತು ಹಾಕಬೇಕಾದದ್ದು ಆಡಬಾರದ ದಿನಗಳನ್ನು.

ಮೊದಲನೆಯದು ಶಾಲೆ. ಇಲಾಖೆಯ ತಾಲೂಕು ಮಟ್ಟದ ಆಟೋಟ ಯಾವಾಗ ಎಂದು ಬಿಇಒ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಅದಕ್ಕಿಂತ ಒಂದೆರಡು ವಾರ ಮುಂಚೆ ಒಂದು ಟೂರ್ನಮೆಂಟ್ ಇಟ್ಟರೆ ಮಕ್ಕಳಿಗೆ ಒಳ್ಳೆಯ ತಾಲೀಮು. ಅದೇ ವಾರ ಇಟ್ಟರೆ ಯಾರೂ ಬರುವುದಿಲ್ಲ. ಮಾರ್ಚ್ ಹೊತ್ತಿಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ. ಆಗ ದೊಡ್ಡ ಮಕ್ಕಳನ್ನು ಕೇಳುವುದೇ ಬೇಡ. ದಸರಾ ರಜೆ, ಬೇಸಿಗೆ ರಜೆ ಚಿನ್ನದಂಥ ದಿನಗಳು. ಎರಡು ಮೂರು ದಿನದ ರೇಟಿಂಗ್ ಟೂರ್ನಮೆಂಟನ್ನು ಅಲ್ಲಿಗೆ ಇಡಬೇಕು.

ಎರಡನೆಯದು ಮಳೆ ಮತ್ತು ಹೊಳೆ. 2019ರ ಆಗಸ್ಟ್ ಪ್ರವಾಹವನ್ನು ಗೋಕಾಕದವರು ಮರೆಯುವ ಹಾಗಿಲ್ಲ. ಪೇಟೆಯೊಳಗೇ ನೀರು ನುಗ್ಗಿತ್ತು. ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆಯ ಮೇಲೆ ನೀರು ಬಂದರೆ ಆಚೆ ದಡದ ಮಕ್ಕಳು ಈಚೆಗೆ ಬರುವುದು ಕಷ್ಟ. ಜುಲೈ, ಆಗಸ್ಟ್‌ನಲ್ಲಿ ಟೂರ್ನಮೆಂಟ್ ಇಡುವವರು ಪೋಸ್ಟರಿನಲ್ಲೇ ಬದಲಿ ತಾರೀಕು ಹಾಕಿಬಿಡುವುದು ಲೇಸು.

ಮೂರನೆಯದು ಕಬ್ಬು. ಸಕ್ಕರೆ ಕಾರ್ಖಾನೆಗಳು ಸುರುವಾದ ಮೇಲೆ ಇಲ್ಲಿನ ರಸ್ತೆಗಳಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳದ್ದೇ ರಾಜ್ಯ. ರೈತರ ಮನೆಯಲ್ಲಿ ಕಟಾವಿನ ಗಡಿಬಿಡಿ. ಆ ತಿಂಗಳುಗಳಲ್ಲಿ ಒಂಬತ್ತು ಗಂಟೆಗೆ ವರದಿ ಮಾಡಿಕೊಳ್ಳಿ ಎಂದರೆ ಹಳ್ಳಿಯವರು ಹತ್ತಕ್ಕೆ ಬಂದಾರು. ಹಾಗೆ ತಿಳಿದೇ ವೇಳೆ ಇಡಬೇಕು.

ನಾಲ್ಕನೆಯದು ಹಬ್ಬ. ಯುಗಾದಿ, ಗಣೇಶ ಚೌತಿ, ದೀಪಾವಳಿಯ ತಾರೀಕು ಪಂಚಾಂಗದಲ್ಲಿ ಮೊದಲೇ ಸಿಗುತ್ತದೆ. ನಮ್ಮ ಹಬ್ಬಗಳ ವಿಷಯ ಸ್ವಲ್ಪ ಬೇರೆ. ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮೊದಲಿಗೆ ಸರಿಯುತ್ತದೆ. ಈದ್ ಯಾವಾಗ ಎಂಬುದು ಚಂದ್ರ ಕಂಡ ಮೇಲೆಯೇ ಪಕ್ಕಾ. ಆದ್ದರಿಂದ ಒಂದು ದಿನವಲ್ಲ, ಎರಡು ದಿನ ಬಿಡಬೇಕು. 2025ರಲ್ಲಿ ಮಾರ್ಚ್ 30ರ ಭಾನುವಾರ ಯುಗಾದಿ, ಮರುದಿನವೇ ಈದ್. ಭಾನುವಾರ ಖಾಲಿ ಇದೆಯಲ್ಲ ಎಂದು ಅಂದು ಚೆಸ್ ಇಟ್ಟಿದ್ದರೆ ಯಾರ ಮಕ್ಕಳೂ ಬರುತ್ತಿರಲಿಲ್ಲ. ರಂಜಾನ್‌ನಲ್ಲಿ ಟೂರ್ನಮೆಂಟ್ ಇಡಲೇಬೇಕಾದರೆ ಇಫ್ತಾರಿಗೆ ಮನೆ ಸೇರುವಂತೆ ಬೇಗ ಮುಗಿಸಬೇಕು. ಶುಕ್ರವಾರ ಸೇರಿದ ಟೂರ್ನಮೆಂಟಿನಲ್ಲಿ ಜುಮಾ ಹೊತ್ತಿಗೆ ಊಟದ ಬಿಡುವು ಕೊಟ್ಟರೆ ಯಾರಿಗೂ ನಷ್ಟವಿಲ್ಲ, ಹೇಗೂ ಊಟಕ್ಕೆ ಬಿಡಲೇಬೇಕಲ್ಲ.

ತಾರೀಕು ಬಿಟ್ಟುಕೊಡುವುದು ಸೋಲಲ್ಲ ಎಂಬುದಕ್ಕೆ ಇದೇ ಜಿಲ್ಲೆಯಲ್ಲಿ ದೊಡ್ಡ ಉದಾಹರಣೆ ಇದೆ. 2023ರ ಸೆಪ್ಟೆಂಬರ್ 28ರಂದು ಮೀಲಾದ್ ಮತ್ತು ಗಣೇಶ ವಿಸರ್ಜನೆ ಒಂದೇ ದಿನ ಬಂದಾಗ ಬೆಳಗಾವಿಯ ಮುಸ್ಲಿಂ ಮುಖಂಡರು ಮೀಲಾದ್ ಮೆರವಣಿಗೆಯನ್ನು ಮುಂದಕ್ಕೆ ಹಾಕಿದರು. ಎರಡೂ ಚೆನ್ನಾಗಿಯೇ ಸಾಗಿದವು. ಅಷ್ಟು ದೊಡ್ಡ ಮೆರವಣಿಗೆಯ ತಾರೀಕು ಸರಿಸಬಹುದಾದರೆ 30 ಬೋರ್ಡಿನ ಟೂರ್ನಮೆಂಟ್ ಒಂದು ವಾರ ಸರಿಸುವುದು ದೊಡ್ಡ ಮಾತೇ?

ತಾರೀಕಿನ ಜೊತೆ ಗಂಟೆಯೂ

ದಿನ ಹೊಂದಿಸಿದರೆ ಇನ್ನೊಂದು ಲಾಭ ಇದೆ, ಸಾಮಾನು. ಡಿಜಿಟಲ್ ಕ್ಲಾಕ್ ಅಗ್ಗದ್ದಲ್ಲ. ಒಂದೊಂದು ಊರಿನವರಲ್ಲಿ ಹತ್ತು ಕ್ಲಾಕ್ ಇದ್ದರೆ ಮೂವರದ್ದು ಸೇರಿ 30, ಅಂದರೆ 60 ಮಕ್ಕಳಿಗೆ ಸಾಕು. ಈ ಭಾನುವಾರ ಗೋಕಾಕಕ್ಕೆ, ಇನ್ನೊಂದು ಭಾನುವಾರ ಹುಕ್ಕೇರಿಗೆ ಕ್ಲಾಕ್ ಇರುವ ಪೆಟ್ಟಿಗೆ ಬಸ್ಸಿನಲ್ಲೇ ಹೋಗಬಹುದು. ಆರ್ಬಿಟರ್ ಕೂಡ ಹಾಗೆಯೇ. ಒಂದೇ ದಿನ ಮೂವರನ್ನು ಹುಡುಕುವ ಬದಲು ಒಳ್ಳೆಯ ಒಬ್ಬರನ್ನು ಮೂರು ದಿನ ಕರೆಸಬಹುದು.

ತಾರೀಕು ಸರಿಯಾದರೆ ಸಾಲದು, ಗಂಟೆಯೂ ಸರಿಯಾಗಬೇಕು. ತಲಾ 15 ನಿಮಿಷ, ಪ್ರತಿ ನಡೆಗೆ 5 ಸೆಕೆಂಡ್ ಹೆಚ್ಚುವರಿ ಎಂದು ಇಟ್ಟರೆ 60 ನಡೆಯ ಆಟ 40 ನಿಮಿಷದಲ್ಲಿ ಮುಗಿಯುತ್ತದೆ. ಆರು ರೌಂಡಿಗೆ ನಾಲ್ಕು ಗಂಟೆ. ನಡುವೆ ಪೇರಿಂಗ್ ಹಾಕಲು, ಊಟಕ್ಕೆ ಎಲ್ಲ ಸೇರಿ ಎರಡು ಗಂಟೆ. ಬೆಳಿಗ್ಗೆ 9.30ಕ್ಕೆ ಸುರುಮಾಡಿದರೆ 3.30ಕ್ಕೆ ಆಟ ಮುಗಿದು, 4ಕ್ಕೆ ಬಹುಮಾನ ಕೊಟ್ಟು, ಹಳ್ಳಿಯ ಮಕ್ಕಳು ಬೆಳಕಿದ್ದಾಗಲೇ ಬಸ್ ಹತ್ತಬಹುದು. ಆದರೆ ಆಗುವುದೇನು? ಉದ್ಘಾಟನೆಗೆ ಅತಿಥಿ ಬರುವುದು 11ಕ್ಕೆ, ಭಾಷಣ ಮುಗಿಯುವುದು 12ಕ್ಕೆ. ಕೊನೆಯ ರೌಂಡ್ ಹೊತ್ತಿಗೆ ಸಂಜೆ ಐದು ದಾಟಿರುತ್ತದೆ. ಹುಡುಗಿಯರ ಉಮ್ಮಂದಿರು, ಅವ್ವಂದಿರು ಹೊರಗೆ ಕೂತು ಬಸ್ಸಿನ ಟೈಮ್ ನೋಡುತ್ತಿರುತ್ತಾರೆ. ನಾಲ್ಕೂವರೆ ಅಂಕ ಇದ್ದ ಹುಡುಗಿ ಕೊನೆಯ ಪಂದ್ಯ ಬಿಟ್ಟು ಎದ್ದು ಹೋದದ್ದನ್ನು ನಾವೇ ನೋಡಿದ್ದೇವೆ. ಎದುರಾಳಿಗೆ ವಾಕೋವರ್ ಸಿಕ್ಕಿತು, ಅವಳಿಗೆ ಬಹುಮಾನ ಕೈತಪ್ಪಿತು. ಆಟದಲ್ಲಿ ಅವಳು ಸೋಲಲಿಲ್ಲ, ಬಸ್ಸಿನ ವೇಳೆ ಸೋಲಿಸಿತು. ಮೊದಲ ರೌಂಡ್ ಆಡಿಸಿ ಆಮೇಲೆ ಉದ್ಘಾಟನೆ ಇಡಿ ಎಂದರೆ ಅತಿಥಿಗಳೂ ಬೇಸರ ಮಾಡಿಕೊಳ್ಳಲಿಕ್ಕಿಲ್ಲ.

ಸಾಂಗಲಿಯಿಂದ ಚೆನ್ನೈವರೆಗೆ

ಇದಕ್ಕೆ ಮಾದರಿ ಹುಡುಕಿ ದೂರ ಹೋಗಬೇಕಿಲ್ಲ. ಘಟಪ್ರಭಾ ಸ್ಟೇಷನ್ನಿನಲ್ಲಿ ಮೀರಜ್ ಕಡೆಯ ರೈಲು ಹತ್ತಿದರೆ ಗಡಿಯಾಚೆಗೆ ಸಾಂಗಲಿ. ಅಲ್ಲಿ ಚೆಸ್‌ಗೆ "ಬುದ್ಧಿಬಳ" ಅನ್ನುತ್ತಾರೆ. ಭಾವುಸಾಹೇಬ ಪಡಸಲಗೀಕರ ಅವರು ಕಟ್ಟಿ ಬೆಳೆಸಿದ ನೂತನ ಬುದ್ಧಿಬಳ ಮಂಡಳ ಅಲ್ಲಿನ ಹೆಮ್ಮೆ. ಪಡಸಲಗಿ ಎಂಬ ಹೆಸರು ಕೇಳಿದರೆ ಜಮಖಂಡಿ ಕಡೆಯವರಿಗೆ ಕೃಷ್ಣಾ ತೀರದ ಊರೇ ನೆನಪಾದೀತು. ಆ ಮಂಡಳದ ಬೇಸಿಗೆಯ ಚೆಸ್ ಉತ್ಸವ ಎಷ್ಟೋ ದಶಕಗಳಿಂದ ನಡೆದು ಬಂದಿದೆ. ಬೇಸಿಗೆ ಬಂತು ಎಂದರೆ ಸಾಂಗಲಿಯಲ್ಲಿ ಚೆಸ್ ಇದೆ ಎಂದು ಸುತ್ತಲಿನವರಿಗೆ ಗೊತ್ತು. ವುಮನ್ ಗ್ರ್ಯಾಂಡ್‌ಮಾಸ್ಟರ್ ಸ್ವಾತಿ ಘಾಟೆ ಅಂಥವರು ಆ ಊರಿನಿಂದ ಬಂದರು. ವರ್ಷವರ್ಷವೂ ಅದೇ ಹೊತ್ತಿಗೆ ಬರುವ ಟೂರ್ನಮೆಂಟಿಗೆ ಇರುವ ಬಲ ಅದು.

ಒಂದು ವಾರದ ಟೂರ್ನಮೆಂಟ್ ಏನು ಮಾಡಬಲ್ಲದು ಎಂಬುದಕ್ಕೆ ಚೆನ್ನೈ ಕಥೆ ಕೇಳಿ. 2023ರ ಡಿಸೆಂಬರ್. ಕ್ಯಾಂಡಿಡೇಟ್ಸ್ ಟೂರ್ನಮೆಂಟಿಗೆ ಅರ್ಹತೆ ಪಡೆಯಲು ಗುಕೇಶ್‌ಗೆ ಫಿಡೆ ಸರ್ಕಿಟ್‌ನ ಅಂಕಗಳು ಬೇಕಿದ್ದವು, ವರ್ಷ ಮುಗಿಯುತ್ತಾ ಬಂದಿತ್ತು. ತಮಿಳುನಾಡು ಸರಕಾರದ ಬೆಂಬಲದಿಂದ ತರಾತುರಿಯಲ್ಲಿ ಚೆನ್ನೈ ಗ್ರ್ಯಾಂಡ್‌ಮಾಸ್ಟರ್ಸ್ ಟೂರ್ನಮೆಂಟ್ ಏರ್ಪಾಡಾಯಿತು. ಡಿಸೆಂಬರ್ 15ರಿಂದ 21ರವರೆಗೆ, ಏಳು ರೌಂಡ್. ಗುಕೇಶ್ ಅಲ್ಲಿ ಮೊದಲಿಗರಾದರು, ಸರ್ಕಿಟ್ ಮೂಲಕ ಅರ್ಹತೆ ಸಿಕ್ಕಿತು. 2024ರ ಏಪ್ರಿಲ್‌ನಲ್ಲಿ ಕ್ಯಾಂಡಿಡೇಟ್ಸ್ ಗೆದ್ದರು, ಡಿಸೆಂಬರ್‌ನಲ್ಲಿ ವಿಶ್ವ ಚಾಂಪಿಯನ್. ಆಡಿದ್ದು, ಗೆದ್ದದ್ದು ಅವರೇ. ಆದರೆ ಸರಿಯಾದ ಹೊತ್ತಿಗೆ ಆಡಲು ಒಂದು ಟೇಬಲ್ ಹಾಕಿಕೊಟ್ಟವರೂ ಇದ್ದರು ಎಂಬುದನ್ನು ಮರೆಯಬಾರದು.

ನಮ್ಮೂರ ಮಕ್ಕಳಿಗೂ ಬೇಕಾದದ್ದು ಅದೇ ಟೇಬಲ್. ಹೊಂದಾಣಿಕೆ ಇಲ್ಲಿಯವರಿಗೆ ಹೊಸ ಪಾಠವೂ ಅಲ್ಲ. ಹುಕ್ಕೇರಿಯಲ್ಲಿ 1969ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಇದೆ. ಮನೆಮನೆಗೆ ಕರೆಂಟನ್ನೇ ಸಹಕಾರದಿಂದ ಕೊಟ್ಟ ಊರಿನವರಿಗೆ, ವರ್ಷಕ್ಕೆ ನಾಲ್ಕು ಭಾನುವಾರ ಹಂಚಿಕೊಳ್ಳುವುದು ಕಷ್ಟವಾಗಲಿಕ್ಕಿಲ್ಲ.

ಕರಾವಳಿಯ ಓದುಗರೂ ಇದನ್ನು ಗಟ್ಟದ ಮೇಲಿನ ಕಥೆ ಎಂದು ಬದಿಗಿಡಬೇಡಿ. ಮಂಗಳೂರು, ಪುತ್ತೂರು, ಉಡುಪಿ, ಕಾಸರಗೋಡು ಎಂದು ಮಕ್ಕಳನ್ನು ಕರೆದುಕೊಂಡು ಓಡುವ ಹೆತ್ತವರು ನಮ್ಮಲ್ಲೂ ಬಹಳ ಮಂದಿ. ನಿಮ್ಮ ಜಮಾಅತಿನವರೋ ಯುವಕ ಮಂಡಲದವರೋ ಮುಂದಿನ ಸಲ ಚೆಸ್ ಇಡುವಾಗ, ಪೋಸ್ಟರ್ ಮಾಡಿಸುವ ಮೊದಲು ಪಕ್ಕದ ಊರಿಗೆ ಒಂದು ಫೋನ್ ಮಾಡಿ. ಅಷ್ಟೇ ಕೇಳುವುದು.

ಹಾಂ, ನಮ್ಮ ಪಕ್ಕದ ಮನೆಯ ಹುಡುಗನ ವಿಷಯ. ನಾಲ್ಕೈದು ಫೋನ್ ಮಾಡಿದ ಮೇಲೆ ಮೂವರಲ್ಲಿ ಒಬ್ಬರು ಒಪ್ಪಿದರು. ಹುಕ್ಕೇರಿಯ ಟೂರ್ನಮೆಂಟ್ ಒಂದು ವಾರ ಮುಂದಕ್ಕೆ ಹೋಯಿತು. ಉಳಿದ ಎರಡು ಊರಿನವರಿಗೆ ಹಾಲ್ ಬದಲಿಸಲು ಆಗಲಿಲ್ಲ. ಹಾಗಾಗಿ ಆ ಭಾನುವಾರ ಗೋಕಾಕದಲ್ಲಿ ಅವನು ಸುಲಭವಾಗಿ ಗೆದ್ದು ಟ್ರೋಫಿ ತಂದ. ತಂದು ನಮ್ಮ ಅಂಗಡಿಯ ಮೂಲೆಯಲ್ಲಿ ಇಟ್ಟವನು ಮತ್ತೆ ಅದನ್ನು ಮುಟ್ಟಲಿಲ್ಲ. ಮುಂದಿನ ಭಾನುವಾರ ಹುಕ್ಕೇರಿಯ ನಾಲ್ಕನೇ ರೌಂಡಿನಲ್ಲಿ ಮೂಡಲಗಿ ಹುಡುಗ ಎದುರಿಗೆ ಬಂದ. ಈ ಸಲವೂ ನಮ್ಮವನೇ ಸೋತ. ಸಂಜೆ ಬಸ್ಸಿಳಿದು ಸೀದಾ ಅಂಗಡಿಗೆ ಬಂದು ಬೋರ್ಡ್ ಬಿಚ್ಚಿದ. "ಐವತ್ತೆಂಟ್ ನಡಿ ಆಡೇನ್ರಿ ಕಾಕಾ. ಎಲ್ಲಿ ತಪ್ಪೇನಿ ತೋರಸ್ತೀನಿ, ಕೂಡ್ರಿ" ಅಂದ.

ಆ ದಿನ ಅಂಗಡಿ ಬಾಗಿಲು ಹಾಕುವಾಗ ಸ್ವಲ್ಪ ತಡವಾಯಿತು.